ಹಿಂದಿನ ಆರು ಮೀಟರ್

ನಮ್ಮ ಸೈಟು 40-60. ಬನ್ನೇರುಘಟ್ಟ ರಸ್ತೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಸೊಸೈಟಿ ಬಡಾವಣೆಯ ಕೊನೇ ಸಾಲಿನಲ್ಲಿದೆ. ತೊಂಬತ್ತರ ದಶಕದಲ್ಲಿ ಅಪ್ಪ ಗೃಹ ನಿರ್ಮಾಣ ಸಹಕಾರ ಸಂಘಕ್ಕೆ ಕಂತು ಕಟ್ಟಿ ಕೊಂಡಿದ್ದು. ಕ್ರಯಪತ್ರ, ಖಾತೆ, ಇ.ಸಿ., ವರ್ಷವರ್ಷದ ಕಂದಾಯದ ರಸೀದಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿ, ಮೇಲೊಂದು ಪಟ್ಟಿಯನ್ನೂ ಬರೆದಿಟ್ಟಿದ್ದರು. ಯಾವ ಕಾಗದದಲ್ಲೂ ತಕರಾರು ಇರಲಿಲ್ಲ. ಆದರೂ ಮನೆ ಕಟ್ಟಲು ಹೊರಟಾಗ, ಸೈಟಿನ ಹಿಂಭಾಗದ ಮೂರನೇ ಒಂದು ಪಾಲಿನಲ್ಲಿ ಒಂದು ಇಟ್ಟಿಗೆಯನ್ನೂ ಇಡುವ ಹಾಗಿಲ್ಲ ಎಂದು ಗೊತ್ತಾಯಿತು. ಹಿಂದೆ ಒಂದು ಮಣ್ಣಿನ ದಾರಿ ಇದೆ, ಅದರಾಚೆ ರಾಜಕಾಲುವೆ, ಅಂದರೆ ಮಳೆನೀರು ಹರಿದುಹೋಗುವ ಕಾಲುವೆ. ಅದರಿಂದ ಇಂತಿಷ್ಟು ದೂರದವರೆಗೆ ಕಟ್ಟಡ ಬರಕೂಡದು ಅನ್ನುವ ನಿಯಮ ಇದೆ.

ಆ ನಿಯಮ ಏನು ಹೇಳುತ್ತದೆ, ಅದನ್ನು ನೆಲದ ಮೇಲೆ ಹೇಗೆ ಅಳೆಯುತ್ತಾರೆ, ಅಷ್ಟು ಜಾಗ ಬಿಟ್ಟು ಮನೆ ಹೇಗೆ ಕಟ್ಟಿದೆವು ಅನ್ನುವುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಕೆರೆ ಕಾಲುವೆಗಳ ಪಕ್ಕದಲ್ಲಿ ಸೈಟು ಇಟ್ಟುಕೊಂಡು ಏನು ಮಾಡುವುದೆಂದು ತಿಳಿಯದೆ ಕೂತಿರುವವರು ಈ ಊರಿನಲ್ಲಿ ಬಹಳ ಜನ ಇದ್ದಾರೆ.

2016ರ ಶುರುವಿನಲ್ಲಿ ನಮಗೆ ಪರಿಚಯದವರೊಬ್ಬರು ಹೇಳಿದ ಆರ್ಕಿಟೆಕ್ಟ್ ಬಳಿ ಹೋದೆವು. ಸೈಟು ನೋಡಲು ಬಂದವರು ಟೇಪು ತೆಗೆಯುವ ಮೊದಲು ನೇರ ಹಿಂದಕ್ಕೆ ನಡೆದು ಕಾಲುವೆಯ ಅಂಚಿನಲ್ಲಿ ನಿಂತರು. "ಇದು ಯಾವ ದರ್ಜೆಯ ಕಾಲುವೆ ಅಂತ ಯಾರಾದ್ರೂ ಹೇಳಿದಾರಾ?" ಅಂತ ಕೇಳಿದರು. ನಮಗೆ ಅದು ಮೋರಿ, ಅಷ್ಟೇ. ಮಳೆಗಾಲ ಬಿಟ್ಟರೆ ಅದರಲ್ಲಿ ಪಾದ ಮುಳುಗುವಷ್ಟೂ ನೀರು ಇರುವುದಿಲ್ಲ.

ಅವರು ಬಿಡಿಸಿ ಹೇಳಿದ್ದು ಹೀಗೆ. ಬೆಂಗಳೂರಿನಲ್ಲಿ ಎಲ್ಲಿ ಏನು ಕಟ್ಟಬಹುದು ಅನ್ನುವುದಕ್ಕೆ ಆಧಾರ 2007ರ ಜೂನ್‌ನಲ್ಲಿ ಸರ್ಕಾರ ಒಪ್ಪಿದ ಪರಿಷ್ಕೃತ ಮಹಾ ಯೋಜನೆ 2015. (2031ಕ್ಕೆಂದು ಮಾಡಿದ ಕರಡು 2017ರಲ್ಲಿ ಹೊರಗೆ ಬಂದು, ಆಮೇಲೆ ವಾಪಸಾಯಿತು. ಹಾಗಾಗಿ ಹಳೆಯದೇ ನಡೆದುಕೊಂಡು ಬಂತು.) ಅದರ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು. ನಮ್ಮ ಸೈಟು ಪೂರ್ತಿ ಹಳದಿಯಲ್ಲಿದೆ. 360 ಚದರ ಮೀಟರಿನ ಒಳಗಿನ ಸೈಟಾದ್ದರಿಂದ ನೆಲದ ಶೇ. 75ರಷ್ಟು ಜಾಗದಲ್ಲಿ ಕಟ್ಟಬಹುದು, ಎಫ್‌ಎಆರ್ 1.75. ಅಂದರೆ ಎಲ್ಲ ಅಂತಸ್ತು ಸೇರಿ ಸೈಟಿನ ವಿಸ್ತೀರ್ಣದ ಒಂದೂ ಮುಕ್ಕಾಲು ಪಟ್ಟು. ನಮ್ಮ 223 ಚದರ ಮೀಟರಿಗೆ ಸುಮಾರು 390 ಚದರ ಮೀಟರ್, ಮೇಸ್ತ್ರಿಗಳ ಲೆಕ್ಕದಲ್ಲಿ (ನೂರು ಚದರಡಿಗೆ ಒಂದು ಚದರ) 42 ಚದರದ ಮನೆ. ನಮಗೆ ಅದರ ಅರ್ಧ ಸಾಕಿತ್ತು. ಅಕ್ಕಪಕ್ಕ ತಲಾ ಒಂದು ಮೀಟರಿನಷ್ಟು, ಮುಂದೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಖಾಲಿ ಬಿಡಬೇಕು, ಅದೇ ಸೆಟ್‌ಬ್ಯಾಕ್. ಇಷ್ಟರವರೆಗೆ ಎಲ್ಲರಿಗೂ ಗೊತ್ತಿರುವ ವಿಷಯವೇ.

ಅದೇ ನಿಯಮಾವಳಿಯಲ್ಲಿ ಕಾಲುವೆಗಳ ಬಗ್ಗೆ ಒಂದು ಭಾಗ ಇದೆ. ಕಾಲುವೆಗಳಲ್ಲಿ ಪ್ರಾಥಮಿಕ, ದ್ವಿತೀಯ, ತೃತೀಯ ಅಂತ ಮೂರು ದರ್ಜೆ. ಪ್ರಾಥಮಿಕಕ್ಕೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಕಾಲುವೆಯ ಮಧ್ಯದಿಂದ ಅಳೆದು ಎರಡೂ ಕಡೆ ಅಷ್ಟು ಜಾಗ ಬಿಡಬೇಕು. ಹೀಗೆ ಬಿಡುವ ಜಾಗವನ್ನೇ ಬಫರ್ ಅನ್ನುತ್ತಾರೆ. ಕೆರೆಯ ಸುತ್ತ 30 ಮೀಟರ್. ಆ ಜಾಗ ನಮ್ಮದೇ ಹೆಸರಿನಲ್ಲಿರಬಹುದು, ಕಂದಾಯವನ್ನೂ ನಾವೇ ಕಟ್ಟುತ್ತಿರಬಹುದು. ಕಟ್ಟಡ ಮಾತ್ರ ಬರಕೂಡದು. ಇದರ ಜೊತೆಗಿನ ಇನ್ನೊಂದು ಸಾಲನ್ನು ಬಹಳ ಜನ ಓದಿಯೇ ಇರುವುದಿಲ್ಲ: ನಕ್ಷೆ ಬರೆಯುವಾಗ ತಪ್ಪಿ ಬಫರ್ ಗುರುತಾಗದೇ ಇದ್ದರೆ, ಕಂದಾಯ ದಾಖಲೆ ನೋಡಿ ಬಫರ್ ಬಿಡಿಸಲೇಬೇಕು. ನಮ್ಮ ಹಿಂದಿನ ಕಾಲುವೆ ಮಹಾ ಯೋಜನೆಯ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಗ್ರಾಮ ನಕ್ಷೆಯಲ್ಲಿ ಇದೆ.

ಬಡಾವಣೆ ಆದಾಗ ಈ ನಿಯಮ ಹುಟ್ಟಿರಲಿಲ್ಲ. ಸೊಸೈಟಿಯವರು ಅಂದಿನ ಕಾನೂನಿನ ಪ್ರಕಾರ ಸೈಟು ಹಂಚಿದ್ದರು. 2007ರಲ್ಲಿ ನಿಯಮ ಬಂದ ಮೇಲೆ ಕೊನೇ ಸಾಲಿನ ಸೈಟುಗಳಿಗೆ ಹೀಗೊಂದು ಗೆರೆ ಬಿದ್ದಿದೆ ಎಂದು ಮನೆಮನೆಗೆ ಬಂದು ಹೇಳುವ ವ್ಯವಸ್ಥೆ ಯಾವುದೂ ಇಲ್ಲ. ಪ್ಲಾನ್ ಹಾಕಲು ಹೋದಾಗಲೇ ಗೊತ್ತಾಗಬೇಕು. ನನಗೆ ಇಂದಿಗೂ ತುಂಬಾ ನೋವಾಗುವುದು ಇದೇ ವಿಷಯಕ್ಕೆ.

ನಾವು ಪ್ಲಾನಿನ ಮಾತುಕತೆಯಲ್ಲಿರುವಾಗಲೇ, 2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶ ಬಂತು. ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್. ಅದೂ ಮಧ್ಯದಿಂದಲ್ಲ, ಅಂಚಿನಿಂದ. ಅಲ್ಲಿಗೆ ನಮ್ಮ ಸೈಟಿನ ಕಥೆ ಮುಗಿದಂತೆಯೇ ಆಯಿತು. 18.29 ಮೀಟರ್ ಉದ್ದದ ಸೈಟಿನಲ್ಲಿ ರಸ್ತೆಯ ಕಡೆ ಉಳಿಯುತ್ತಿದ್ದುದು ಒಂದು ಅಡಿಯ ಮೇಲೆ ಸ್ವಲ್ಪ.

ಆ ವರ್ಷ ಜುಲೈ ಕೊನೆಯ ಮಳೆಗೆ ಕೋಡಿಚಿಕ್ಕನಹಳ್ಳಿಯ ಬೀದಿಗಳಲ್ಲಿ ಜನ ಮೀನು ಹಿಡಿದರು. ಆಗಸ್ಟ್‌ನಲ್ಲಿ ರಾಜಕಾಲುವೆ ಒತ್ತುವರಿ ತೆರವು ಶುರುವಾಗಿ, ಅರಕೆರೆ ಬಳಿಯ ಅವನಿ ಶೃಂಗೇರಿ ನಗರದಲ್ಲಿ ಮನೆಗಳು ಜೆಸಿಬಿಗೆ ಸಿಕ್ಕಿ ಉರುಳಿದವು. ನಮಗೆ ದೂರದ ಜಾಗವೇನಲ್ಲ ಅದು. ಬ್ಯಾಂಕ್ ಸಾಲದಲ್ಲಿ ಕಟ್ಟಿದ ಮನೆಯ ಮುಂದೆ ಕಾಗದಪತ್ರ ಹಿಡಿದು ಅಳುತ್ತಿದ್ದವರನ್ನು ಟಿವಿಯಲ್ಲಿ ನೋಡಿ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬ್ರೋಕರ್ ಒಬ್ಬರು ಮನೆಗೇ ಬಂದರು. "ಬಫರ್ ವಿಷಯ ಪೇಪರ್‌ನಲ್ಲೆಲ್ಲೂ ಇಲ್ಲ ಯಜಮಾನ್ರೇ. ಹೊರಗಿನ ಪಾರ್ಟಿ ಇದ್ದಾರೆ, ರೇಟೂ ಚೆನ್ನಾಗಿ ಬರುತ್ತೆ, ಮಾರಿಬಿಡಿ" ಅಂದರು. ಅಪ್ಪ ಒಂದೇ ಮಾತು ಹೇಳಿದರು: "ನಮಗೆ ಗೊತ್ತಾಗಿರೋದನ್ನ ಮುಚ್ಚಿಟ್ಟು ಇನ್ನೊಬ್ಬರ ತಲೆಗೆ ಕಟ್ಟೋದು ಬೇಡ." ಸೈಟು ಹಾಗೇ ಉಳಿಯಿತು, ಪಾರ್ಥೇನಿಯಂ ಬೆಳೆಯಿತು. ವರ್ಷಕ್ಕೊಮ್ಮೆ ಕಳೆ ತೆಗೆಸುತ್ತಿದ್ದೆವು.

2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ನ್ಯಾಯಮಂಡಳಿಯ ಬಫರ್ ಆದೇಶವನ್ನು ರದ್ದು ಮಾಡಿತು. ಮಹಾ ಯೋಜನೆಯಲ್ಲಿ ಹೇಳಿದ ಅಳತೆಯನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ಮತ್ತೆ 50, 25, 15. ಮತ್ತೆ ಮಧ್ಯದಿಂದ. ಅಪ್ಪ ಪೇಪರ್ ಕತ್ತರಿಸಿ ಫೈಲಿಗೆ ಸೇರಿಸಿದರು. ನಾನು ಆರ್ಕಿಟೆಕ್ಟ್‌ಗೆ ಫೋನ್ ಮಾಡಿದೆ. "ಈ ಸಲ ಪ್ಲಾನ್ ಬರೆಯೋದು ಆಮೇಲೆ ಸರ್, ಮೊದಲು ಸರ್ವೆ" ಅಂದರು.

ನನ್ನ ಪ್ರಕಾರ ಈ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿ ಹಾಕಿಕೊಂಡು ಸೈಟಿನಲ್ಲಿ ನಿಂತರೆ, ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಪಕ್ಕದಲ್ಲಿ ಹಳ್ಳ, ಕೆರೆ, ದಾರಿ ಇದ್ದರೆ ಅದೂ ಕಾಣುತ್ತದೆ. ಅಂದಾಜಿಗೆ ಅದು ಸಾಕು, ಕಚೇರಿಗೆ ಸಾಲದು. ಅಲ್ಲಿಗೆ ಗ್ರಾಮ ನಕ್ಷೆಯ ದೃಢೀಕೃತ ಪ್ರತಿ, ನಮ್ಮ ಸರ್ವೆ ನಂಬರಿನ ಟಿಪ್ಪಣಿ (ಹಳೆಯ ಸರ್ವೆಯ ಅಳತೆ ಬರೆದ ನಕಾಶೆ), ಆಕಾರ್‌ಬಂದ್ (ವಿಸ್ತೀರ್ಣ, ಖರಾಬುಗಳ ದಾಖಲೆ) ಬೇಕು. ಬಡಾವಣೆ ಆಗುವ ಮೊದಲು ಅದು ಯಾರದೋ ರಾಗಿ ಹೊಲ. ಆ ಹೊಲದ ಟಿಪ್ಪಣಿಯಲ್ಲಿ ಹಳ್ಳದ ಜಾಗವನ್ನು ಬಿ ಖರಾಬು ಅಂತ ಬರೆದಿದ್ದರು. ಸಾಗುವಳಿಗೆ ಬಾರದ, ಸಾರ್ವಜನಿಕರಿಗೆ ಸೇರಿದ ಜಾಗ. ದಾರಿ, ಹಳ್ಳ, ಕೆರೆಗಳೆಲ್ಲ ಆ ಬಗೆಯ ಖರಾಬಿಗೇ ಬರುತ್ತವೆ.

ಟಿಪ್ಪಣಿಯಲ್ಲಿ ಅಳತೆ ಇರುವುದು ಸರಪಳಿ ಮತ್ತು ಆಣೆಯಲ್ಲಿ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. ಸರಪಳಿ ಉದ್ದಕ್ಕೆ ಸರಪಳಿ ಅಗಲ ಇದ್ದರೆ ಒಂದು ಗುಂಟೆ, 1089 ಚದರಡಿ. ಹಳ್ಳದ ಅಗಲ ಆರು ಆಣೆ ಅಂತ ಇತ್ತು. ಹನ್ನೆರಡು ಅಡಿ ಚಿಲ್ಲರೆ.

ಸರ್ವೆಯರ್ ಬೆಳಿಗ್ಗೆ ಬೇಗ ಬಂದರು. ಜೊತೆಗೆ ಒಬ್ಬ ಸಹಾಯಕ, ಒಂದು ಟೇಪು, ಸುಣ್ಣದ ಪುಡಿ, ಕಬ್ಬಿಣದ ಗೂಟಗಳು. ನೇರ ನಮ್ಮ ಸೈಟಿಗೆ ಬರುತ್ತಾರೆಂದು ಕಾದಿದ್ದೆ. ಅವರು ಎರಡು ಸಾಲು ಆಚೆ ಹೋಗಿ, ಅರ್ಧ ಹೂತುಹೋಗಿದ್ದ ಒಂದು ಕಲ್ಲನ್ನು ಹುಡುಕಿ, ಸುತ್ತ ಕೆದರಿಸಿ ನೋಡಿದರು. ಅದು ಸರ್ವೆ ನಂಬರಿನ ಮೂಲೆಯ ಬಾಂದುಕಲ್ಲು. ಮೂರು ಕಡೆಯ ಬಾಂದು ಸಿಕ್ಕಿತು, ನಾಲ್ಕನೆಯದರ ಮೇಲೆ ಯಾರದೋ ಕಾಂಪೌಂಡ್ ಎದ್ದಿತ್ತು. ಸಿಕ್ಕ ಮೂರರಿಂದ ಟಿಪ್ಪಣಿಯ ಗೆರೆಗಳನ್ನು ನೆಲಕ್ಕೆ ಇಳಿಸುತ್ತಾ ಬಂದರು. ಪ್ರತಿ ಸಲವೂ ಆಣೆಯನ್ನು ಅಡಿಗೆ, ಅಡಿಯನ್ನು ಮೀಟರಿಗೆ ತಿರುಗಿಸಿ ಟಿಪ್ಪಣಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಬಿಸಿಲು ಏರಿದರೂ ಆತುರ ಮಾಡಲಿಲ್ಲ.

ಹಳ್ಳದ ಹತ್ತಿರ ಬಂದಾಗ ತಕರಾರು ಎದ್ದಿತು. ಈಗಿರುವ ಸೈಜುಗಲ್ಲಿನ ಕಾಲುವೆ ಖರಾಬು ಜಾಗದ ಆಚೆ ಬದಿಗೆ ಒತ್ತಿಕೊಂಡು ಹೋಗಿದೆ. ಅದರ ಮಧ್ಯದಿಂದ ಅಳೆದರೆ ನಮ್ಮ ಸೈಟು ಕಳೆದುಕೊಳ್ಳುವುದು ನಾಲ್ಕೂವರೆ ಮೀಟರಿನಷ್ಟು. ದಾಖಲೆಯ ಹಳ್ಳದ ಮಧ್ಯದಿಂದ ಅಳೆದರೆ ಆರು ಮೀಟರ್. ಪಕ್ಕದ ಸೈಟಿನವರು ಅಲ್ಲೇ ನಿಂತಿದ್ದರು. "ಕಾಲುವೆ ಕಣ್ಣಿಗೆ ಕಾಣ್ತಾ ಇದೆಯಲ್ಲ ಸರ್, ಇದನ್ನೇ ಹಿಡಿಯಿರಿ. ಐದಡಿ ಉಳಿಯುತ್ತೆ" ಅಂತ ಒತ್ತಾಯ ಮಾಡಿದರು.

ಅಷ್ಟರಲ್ಲಿ ಹಳೇ ಊರಿನ ಕಡೆಯಿಂದ ಹಸು ಹೊಡೆದುಕೊಂಡು ಬಂದ ವಯಸ್ಸಾದವರೊಬ್ಬರು ನಿಂತು ನೋಡತೊಡಗಿದರು. ಅವರ ಮನೆತನದವರು ಹಿಂದೆ ಊರ ಕೆರೆಯ ನೀರುಗಂಟಿಗಳು, ಅಂದರೆ ಕೆರೆಯ ನೀರು ಬಿಡುವವರು, ಆಗಿದ್ದರಂತೆ. "ಸ್ವಾಮಿ, ಕಲ್ಲು ಕಟ್ಟಿದ್ದು ಮೊನ್ನೆ ಮೊನ್ನೆ. ಹಳ್ಳ ಹರೀತಿದ್ದಿದ್ದು ಈ ದಾರಿ ಐತಲ್ಲ, ಇದರ ಮಗ್ಗುಲಾಗೇ. ದೊಡ್ಡ ಮಳೆ ಬಂದ್ರೆ ನೀರು ಇವತ್ತೂ ಇಲ್ಲೇ ಬತ್ತದೆ, ಕಲ್ಲಿನೊಳಗೆ ಹಿಡಿಯಾಕಿಲ್ಲ" ಅಂದರು. ಸರ್ವೆಯರ್ ತಲೆಯಾಡಿಸಿ ಟಿಪ್ಪಣಿಯಲ್ಲಿ ಗೂಟದ ಜಾಗ ತೋರಿಸಿದರು. ತಾತ ಕೋಲು ಊರಿದ ಜಾಗಕ್ಕೂ ಕಾಗದದ ಗೆರೆಗೂ ಎರಡು ಹೆಜ್ಜೆಯ ವ್ಯತ್ಯಾಸವೂ ಇರಲಿಲ್ಲ.

ನಾನು ದಾಖಲೆಯ ಮಧ್ಯವನ್ನೇ ಒಪ್ಪಿದೆ. ನಿಯಮ ಕಂದಾಯ ದಾಖಲೆ ನೋಡು ಅನ್ನುತ್ತದೆ, ನೀರೂ ಅದನ್ನೇ ಹೇಳುತ್ತಿದೆ. ದಾಖಲೆಯ ಹಳ್ಳದ ಮಧ್ಯದಿಂದ ನಮ್ಮ ಹಿಂದಿನ ಗಡಿಗೆ 9 ಮೀಟರ್. 15ರಲ್ಲಿ 9 ಕಳೆದರೆ 6. 12.19 ಮೀಟರ್ ಅಗಲದ ಉದ್ದಕ್ಕೂ ಆರು ಮೀಟರಿಗೆ ಸುಣ್ಣದ ಗೆರೆ ಬಿತ್ತು. 73 ಚದರ ಮೀಟರ್.

ಗೆರೆ ಬಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಪ್ಲಾನ್ ಅರ್ಜಿ ಹಾಕಿದ ಮೇಲೆ ಕಡತದಲ್ಲಿ ಯಾರೋ ನಮ್ಮ ಕಾಲುವೆಯನ್ನು ದ್ವಿತೀಯ ದರ್ಜೆ ಎಂದು ಬರೆದರು. ಹಾಗಾದರೆ 25 ಮೀಟರ್, ನಮ್ಮ ಸೈಟಿನಲ್ಲಿ 16 ಮೀಟರ್ ಹೋಗಿ, ಮುಂದಿನ ಸೆಟ್‌ಬ್ಯಾಕ್ ಬಿಟ್ಟರೆ ಉಳಿಯುವುದು ಏನೂ ಇಲ್ಲ. ಇಂಥ ಕಡೆ ಬಾಯಿಮಾತಿನಿಂದ ಕೆಲಸ ಆಗುವುದಿಲ್ಲ. ಆರ್ಕಿಟೆಕ್ಟ್ ಹೇಳಿದಂತೆ ಬೃಹತ್ ನೀರುಗಾಲುವೆ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು, ಸ್ಥಳ ಪರಿಶೀಲನೆ ಮಾಡಿ ದರ್ಜೆ ತಿಳಿಸಬೇಕೆಂದು ಕೋರಿದೆವು. ಜೊತೆಗೆ ಗ್ರಾಮ ನಕ್ಷೆ, ಟಿಪ್ಪಣಿ, ಸರ್ವೆ ಸ್ಕೆಚ್. ಅಲ್ಲಿಂದ ಬಂದ ಎಂಜಿನಿಯರ್ ಹುಡುಗಿ ಕಾಲುವೆಯ ಜೊತೆಗೇ ಕೆಳಕ್ಕೆ ನಡೆದು, ಅದು ದೊಡ್ಡ ಕಾಲುವೆಗೆ ಸೇರುವ ಜಾಗದವರೆಗೂ ಹೋಗಿ ನೋಡಿ ಬಂದರು. ನಮ್ಮದು ಅದಕ್ಕೆ ಸೇರುವ ಸಣ್ಣ ಕವಲು. ತೃತೀಯ ದರ್ಜೆ ಎಂದು ಪತ್ರ ಬಂತು. ತಿಂಗಳುಗಳು ಹಿಡಿದವು, ಆದರೆ ಪತ್ರ ಬಂದ ಮೇಲೆ ಕಡತ ಮತ್ತೆ ಎಲ್ಲೂ ನಿಲ್ಲಲಿಲ್ಲ.

ಆ ನಡುವೆ, 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆಯಿತು. ಸುತ್ತಲಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. ಮಾರನೆಯ ದಿನ ನಮಗೆ ಗೊತ್ತಿದ್ದವರ ಮನೆಗೆ ಹೋಗಿದ್ದೆ. ಹಾಸಿಗೆ, ಅಕ್ಕಿ ಮೂಟೆ, ಮಕ್ಕಳ ಪುಸ್ತಕ ಎಲ್ಲ ಬೀದಿಯಲ್ಲಿ ಒಣಗಲು ಹಾಕಿದ್ದರು. ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ. ಆ ಮನೆ ಬಫರಿನಲ್ಲಿರಲಿಲ್ಲ, ಅವರ ತಪ್ಪೂ ಏನಿರಲಿಲ್ಲ. ನೀರು ತಗ್ಗು ಹುಡುಕಿಕೊಂಡು ಹೋಗುತ್ತದೆ, ಅದಕ್ಕೆ ಖಾತೆ ಪಟ್ಟೆ ಗೊತ್ತಿಲ್ಲ. ಬೆಂಗಳೂರು ಇರುವುದು ದಿಣ್ಣೆಯ ಮೇಲೆ. ಇಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಇಳಿದು, ಒಂದು ಕೆರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ಹರಿಯುವಂತೆ ಹಿಂದಿನವರು ಕಟ್ಟಿದ್ದರು. ಆ ಕೆರೆಗಳ ನಡುವಿನ ದಾರಿಯೇ ರಾಜಕಾಲುವೆ. ನಮ್ಮ ಆರು ಮೀಟರನ್ನು ನಾನು ಕಳೆದುಕೊಂಡ ಜಾಗ ಅಂತ ಅಂದುಕೊಳ್ಳುವುದನ್ನು ಅವತ್ತಿನಿಂದ ಬಿಟ್ಟೆ.

ಇನ್ನು ಮನೆಯ ವಿನ್ಯಾಸ. ಉದ್ದದಲ್ಲಿ ಉಳಿದದ್ದು 12.29 ಮೀಟರ್. ಅದರಲ್ಲಿ ಮುಂದಿನ ಸೆಟ್‌ಬ್ಯಾಕ್ ಕಳೆಯಬೇಕು. ಹಿಂದಿನ ಸೆಟ್‌ಬ್ಯಾಕ್ ಬಫರಿನ ಒಳಗೇ ಬರುವುದರಿಂದ ಬೇರೆ ಬಿಡಬೇಕಾಗಿಲ್ಲ. ಹಾಗಂತ ಗೋಡೆಯನ್ನು ಸುಣ್ಣದ ಗೆರೆಯ ಮೇಲೇ ಎಬ್ಬಿಸಬಹುದು ಎಂದುಕೊಂಡಿದ್ದ ಮೇಸ್ತ್ರಿಗೆ ಆರ್ಕಿಟೆಕ್ಟ್ ನೆಲದ ಮೇಲೆ ಬರೆದು ತೋರಿಸಿದರು. ಗೋಡೆ ಒಂಬತ್ತು ಇಂಚು ಇದ್ದರೂ ಅದರ ಕೆಳಗಿನ ಪಾಯ ಆಚೆ ಈಚೆ ಚಾಚಿಕೊಂಡಿರುತ್ತದೆ. ಮೇಲೆ ಕಿಟಕಿಯ ಸಜ್ಜಾ ಎರಡಡಿ ಹೊರಗೆ ಬರುತ್ತದೆ. ಪಾಯವೂ ಸಜ್ಜಾವೂ ಗೆರೆ ದಾಟಬಾರದು ಅಂದರೆ ಗೋಡೆ 0.75 ಮೀಟರ್ ಒಳಗೆ ಬರಬೇಕು. "ನಾಳೆ ಅಳೆಯೋಕೆ ಬಂದವರು ಗೋಡೆಗೆ ಟೇಪ್ ಹಿಡಿಯಲ್ಲ, ಹೊರಗೆ ಚಾಚಿರೋದಕ್ಕೆ ಹಿಡೀತಾರೆ" ಅಂದರು. ಬಫರ್ ಪಕ್ಕ ಕಟ್ಟುವವರು ಈ ಮುಕ್ಕಾಲು ಮೀಟರನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು. ಪಾಯ ತೋಡಿದ ಮೇಲೆ ತಿದ್ದುವುದು ಕಷ್ಟ.

ಕಟ್ಟಡಕ್ಕೆ ಸಿಕ್ಕಿದ್ದು ಸುಮಾರು ಹತ್ತು ಚದರ. ನೆಲ ಅಂತಸ್ತು, ಮೇಲೊಂದು ಅಂತಸ್ತು, ಇಪ್ಪತ್ತು ಚದರದ ಮನೆ. ನಮಗೆ ಬೇಕಿದ್ದಷ್ಟೇ. ರಸ್ತೆ ದಕ್ಷಿಣಕ್ಕಿದೆ, ಬಫರ್ ಉತ್ತರಕ್ಕೆ. ಅಮ್ಮ ವಾಸ್ತು ನಂಬುವವರು. ಜಾಗ ಹೋಯಿತೆಂದು ಎಲ್ಲರೂ ಮರುಗುತ್ತಿದ್ದಾಗ "ಉತ್ತರಕ್ಕೆ ಬಯಲು ಬಿಟ್ಟರೆ ಮನೆಗೆ ಒಳ್ಳೇದು" ಅಂತ ಅವರೊಬ್ಬರೇ ಸಮಾಧಾನವಾಗಿದ್ದರು. ಆರ್ಕಿಟೆಕ್ಟ್ ಬೆಳಕಿನ ಲೆಕ್ಕದಲ್ಲಿ ಅಲ್ಲಿಗೇ ಬಂದರು. ನಡುಮನೆಯನ್ನೂ ಓದುವ ಕೋಣೆಯನ್ನೂ ಉತ್ತರಕ್ಕೆ ಇಟ್ಟು ಗೋಡೆಯ ತುಂಬ ಕಿಟಕಿ ಕೊಟ್ಟರು. ಬಿಸಿಲು ಒಳಗೆ ಬೀಳದೆ ದಿನವಿಡೀ ಒಂದೇ ಸಮನೆ ಬೆಳಕು. ಬೆಂಗಳೂರಿನ ಒತ್ತೊತ್ತಾದ ಬಡಾವಣೆಯಲ್ಲಿ ಕಿಟಕಿ ತೆರೆದರೆ ಪಕ್ಕದ ಮನೆಯ ಬಚ್ಚಲು ಕಾಣುವುದೇ ಹೆಚ್ಚು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ.

ಸಂಪು, ಕಾರು ನಿಲ್ಲಿಸುವ ಜಾಗ ಮುಂದೆ. ಮಳೆನೀರು ಕೊಯ್ಲು ಬೆಂಗಳೂರಿನಲ್ಲಿ 2009ರ ಕಾನೂನಿನಿಂದ ಕಡ್ಡಾಯ, 30-40ರ ಮೇಲಿನ ಹೊಸ ಮನೆಗಳಿಗೆಲ್ಲ. ತಾರಸಿಯ ನೀರು ಸೋಸಿ ಸಂಪಿಗೆ, ಹೆಚ್ಚಾದದ್ದು ಪಕ್ಕದ ಇಂಗುಬಾವಿಗೆ. ಬಾವಿ ತೋಡಲು ಮಣ್ಣು ವಡ್ಡರ ಕುಟುಂಬದವರನ್ನು ಕರೆಸಿದ್ದೆವು. ಮೂರಡಿ ಅಗಲದ ಗುಂಡಿಯಲ್ಲಿ ಇಳಿದು ರಿಂಗು ಇಳಿಸುತ್ತಾ ಹೋಗುವ ಅವರ ಕೈಚಳಕ ನೋಡಬೇಕು. ಬಫರ್ ಜಾಗದಲ್ಲಿ ಕಾಂಪೌಂಡ್ ಗೋಡೆ ಹಾಕಲಿಲ್ಲ, ತಂತಿಯ ಬೇಲಿ ಹಾಕಿದೆವು. ಗೋಡೆ ಹಾಕಿದರೆ ತುಂಬಿ ಬಂದ ನೀರು ಪಕ್ಕದವರ ಮೇಲೆ ತಿರುಗುತ್ತದೆ. ಹೊಂಗೆ, ನೇರಳೆ, ನುಗ್ಗೆ, ನಾಲ್ಕು ಬಾಳೆ ಇವೆ.

ಪರವಾನಗಿ ಸಿಗುವಾಗ ಶುಲ್ಕಗಳ ಜೊತೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಶೇ. 1 ಸೆಸ್ ಕಟ್ಟಿದೆವು. ಪರವಾನಗಿಯ ಅವಧಿ ಎರಡು ವರ್ಷ. ಪಾಯ ಮುಗಿಯುವಷ್ಟರಲ್ಲಿ 2020ರ ಮಾರ್ಚ್ ಬಂತು, ಕೆಲಸ ನಿಂತಿತು, ರಾಯಚೂರು ಕಡೆಯ ಕೆಲಸಗಾರರು ಊರಿಗೆ ಹೊರಟುಹೋದರು. ಅವರು ವಾಪಸು ಬರುವವರೆಗೆ ಕಬ್ಬಿಣಕ್ಕೆ ಸಿಮೆಂಟ್ ಹಾಲು ಬಳಿದು ಕಾದೆವು.

ಮೇಲಿನ ಅಂತಸ್ತು ಏಳುವಾಗ ಮೇಸ್ತ್ರಿ ಒಂದು ಮಾತು ತೆಗೆದರು. "ಸಾರ್, ಹಿಂದೆ ಮೂರಡಿ ಬಾಲ್ಕನಿ ಚಾಚಿಬಿಡೋಣ. ಕೆಳಗೆ ಏನೂ ಕಟ್ಟಲ್ಲ, ಗಾಳಿಯಲ್ಲಿರೋದಲ್ವಾ. ಐದು ಪರ್ಸೆಂಟ್ ತನಕ ಬಿಡ್ತಾರೆ." ಐದರ ಮಾತು ಸುಳ್ಳಲ್ಲ, 2003ರ ಕಟ್ಟಡ ಉಪವಿಧಿಯಲ್ಲಿ ಸೆಟ್‌ಬ್ಯಾಕ್‌ನಂಥ ವಿಷಯಗಳಲ್ಲಿ ಶೇ. 5ರೊಳಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು ಅವಕಾಶ ಇತ್ತು. ಅದನ್ನು ಕಾಲುವೆಯ ಬಫರಿಗೆ ಎಳೆದು ತರುವುದಕ್ಕೆ ನಾನು ಒಪ್ಪಲಿಲ್ಲ. ಪಕ್ಕದವರಂತೂ ಅಕ್ರಮ-ಸಕ್ರಮ ಬಂದೇ ಬರುತ್ತದೆ, ಮನೆಗಾದರೆ ಶೇ. 50ರವರೆಗಿನ ಉಲ್ಲಂಘನೆಗೆ ಮಾಫಿ ಅಂತ ನಂಬಿ ಕೂತಿದ್ದರು. ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಯಾವತ್ತೋ ಬರಬಹುದಾದ ಮಾಫಿಯ ಮೇಲೆ ಪಾಯ ತೋಡುವ ಧೈರ್ಯ ನನಗಂತೂ ಇಲ್ಲ.

ಮನೆ ಮುಗಿದ ಮೇಲೆ ಸ್ವಾಧೀನಾನುಭವ ಪತ್ರಕ್ಕೆ (ಒ.ಸಿ., ಪ್ಲಾನಿನ ಪ್ರಕಾರವೇ ಕಟ್ಟಿದೆ, ವಾಸ ಮಾಡಬಹುದು ಅನ್ನುವ ಪತ್ರ) ಅರ್ಜಿ ಹಾಕಿದೆವು. ನಮ್ಮ ಸಾಲಿನಲ್ಲಿ ಅದನ್ನು ಪಡೆದವರು ಕಡಿಮೆ. ತಪಾಸಣೆಗೆ ಬಂದವರು ನಿಜವಾಗಿಯೂ ಟೇಪನ್ನು ಸಜ್ಜಾದ ತುದಿಗೆ ಹಿಡಿದರು. ನಕ್ಷೆಗೂ ನೆಲಕ್ಕೂ ತಾಳೆಯಾಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಹೇಳಿದ ಮೇಲೆ, ಅದರ ಬೆಲೆ ಎಲ್ಲರಿಗೂ ಗೊತ್ತಾಗಿದೆ. ನಮಗೆ ಆಗ ಅಂಥ ಒತ್ತಡ ಇರಲಿಲ್ಲ. ಅಪ್ಪನ ಫೈಲಿನ ಪಟ್ಟಿ ಪೂರ್ತಿಯಾಗಬೇಕು ಅನ್ನುವ ಆಸೆ ಇತ್ತು.

2022ರ ಸೆಪ್ಟೆಂಬರ್ ಮಳೆ ನೆನಪಿರಬಹುದು. ಯಮಲೂರಿನಲ್ಲಿ, ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರು, ದೋಣಿಗಳಲ್ಲಿ ಜನರನ್ನು ಸಾಗಿಸಿದ ವಾರ. ನಮ್ಮ ಕಡೆ ಅಷ್ಟು ಆಗಲಿಲ್ಲ. ಆದರೆ ಒಂದು ರಾತ್ರಿ ಕಾಲುವೆ ತುಂಬಿ, ಮಣ್ಣಿನ ದಾರಿ ಮುಚ್ಚಿ, ನೀರು ಬೇಲಿ ದಾಟಿ ಬಾಳೆಯ ಬುಡಕ್ಕೆ ಬಂತು. ಟಾರ್ಚು ಹಿಡಿದು ನೋಡುತ್ತಾ ನಿಂತಿದ್ದೆವು. ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಕೆಸರು, ಪ್ಲಾಸ್ಟಿಕ್ ಚೀಲ, ಯಾರದೋ ಮನೆಯ ಒಂದು ಬಕೆಟ್ಟು. ನೀರು ಬಂದದ್ದು ದಾಖಲೆಯ ಹಳ್ಳದ ಕಡೆಯಿಂದಲೇ, ತಾತ ಹೇಳಿದ್ದ ಜಾಗದಿಂದ.

ಈ ನಿಯಮ ಇರಲೇಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅಷ್ಟೇ ಗಟ್ಟಿಯಾಗಿ ಕೇಳುವುದು ಇನ್ನೊಂದಿದೆ. ಈಗ ಇ-ಖಾತಾ ಬಂದಿದೆ. ಅದರಲ್ಲಿ ಸೈಟಿನ ಅಳತೆ, ಚಕ್ಕುಬಂದಿ ಎಲ್ಲ ನಮೂದಾಗುತ್ತದೆ. ಗ್ರಾಮ ನಕ್ಷೆಯೂ ಸರ್ಕಾರದ್ದೇ, ಮಹಾ ಯೋಜನೆಯೂ ಸರ್ಕಾರದ್ದೇ. ಈ ಸೈಟಿನ ಇಷ್ಟು ಭಾಗ ಕಾಲುವೆಯ ಬಫರಿನಲ್ಲಿದೆ ಅನ್ನುವ ಒಂದು ಸಾಲನ್ನು ಆ ಖಾತೆಯಲ್ಲಿ ಸೇರಿಸಿದರೆ, ಕೊಳ್ಳುವವರಿಗೆ ನೋಂದಣಿಗೆ ಮೊದಲೇ ಗೊತ್ತಾಗುತ್ತದೆ. ಜೀವಮಾನದ ಉಳಿತಾಯ ಹಾಕಿದ ಮೇಲೆ ಪ್ಲಾನ್ ಕೌಂಟರಿನಲ್ಲಿ ಗೊತ್ತಾಗುವುದು ಅನ್ಯಾಯ. ಇದನ್ನು ಬರೆದು ಸಂಬಂಧಪಟ್ಟ ಇಲಾಖೆಗೆ ಕಳಿಸಿದ್ದೇನೆ.

ಅಲ್ಲಿಯವರೆಗೆ ನಮ್ಮ ಸಾಲಿನಲ್ಲಿ ಖಾಲಿ ಸೈಟು ನೋಡಲು ಯಾರೇ ಬಂದರೂ ನಮ್ಮ ಮನೆಯ ಗೇಟು ತೆರೆದಿರುತ್ತದೆ. ಕಳೆದ ತಿಂಗಳು ಹಾಸನದ ಕಡೆಯ ದಂಪತಿ ಎರಡು ಸೈಟು ಆಚೆಗಿನದನ್ನು ನೋಡಲು ಬಂದಿದ್ದರು. ಗ್ರಾಮ ನಕ್ಷೆ, ಟಿಪ್ಪಣಿ, ಕಾಲುವೆ ವಿಭಾಗದ ಪತ್ರ ಮೂರರ ಜೆರಾಕ್ಸ್ ಕೊಟ್ಟು, ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಗೂಟ ತೋರಿಸಿದೆ. ಅವರಿಗೆ ಬಫರ್ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಬೆಲೆ ಮಾತಾಡುತ್ತಿದ್ದಾರೆ. ಅವರ ಸರ್ವೆ ಬರುವ ವಾರ. ಬಾಂದುಕಲ್ಲು ಎಲ್ಲಿದೆ ಎಂದು ತೋರಿಸಲು ನಾನೂ ಹೋಗುತ್ತಿದ್ದೇನೆ.